ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಕಾರು ಇಳಿಸುವ ಮುನ್ನ: ಟೂರಿಂಗ್ ಕಾರ್ ರೇಸಿಂಗ್‌ನ ಒಂದು ಸೀಸನ್

ನಮ್ಮ ರೇಸ್ ಕಾರು ಶೆಡ್ಡಿನಲ್ಲಿ ನಾಲ್ಕು ಸ್ಟ್ಯಾಂಡಿನ ಮೇಲೆ ಕೂತಿದೆ, ಎಂಜಿನ್ ಬಿಚ್ಚಿ ಮೇಜಿನ ಮೇಲಿದೆ. ಸೀಸನ್ ಮುಗಿದು ಎರಡು ವಾರವೂ ಆಗಿಲ್ಲ. ಆಗಿದ್ದೆಲ್ಲ ಮರೆಯುವ ಮೊದಲು, ಮುಂದಿನ ವರ್ಷ ಇಳಿಯಬೇಕೆಂದಿರುವವರಿಗೆ ದಾರಿ ಸ್ವಲ್ಪ ಸಲೀಸಾಗಲಿ ಎಂದು ಬರೆಯುತ್ತಿದ್ದೇವೆ. ಗೆದ್ದವರ ಸುದ್ದಿ ಪತ್ರಿಕೆಯಲ್ಲಿ ಸಿಗುತ್ತದೆ. ರೇಸಿಗೆ ಮೊದಲಿನ ತಪಾಸಣೆಯಾದ ಸ್ಕ್ರೂಟಿನಿಯಲ್ಲಿ ಕಾರು ಯಾಕೆ ವಾಪಸ್ಸಾಗುತ್ತದೆ, ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ತುಂಬ ಆಯಿಲ್ ಇದ್ದೂ ಎಂಜಿನ್ ಯಾಕೆ ಜಾಮ್ ಆಗುತ್ತದೆ ಎಂಬುದನ್ನು ಮಾತ್ರ ಪೆಟ್ಟು ತಿಂದೇ ಕಲಿಯಬೇಕಾಗಿದೆ.

ಮೊದಲು ಜಾಗದ ವಿಷಯ. ಭಾರತೀಯ ರಾಷ್ಟ್ರೀಯ ಕಾರ್ ರೇಸಿಂಗ್ ಚಾಂಪಿಯನ್‌ಶಿಪ್‌ನ ಹೆಚ್ಚಿನ ಸುತ್ತುಗಳು ನಡೆಯುವುದು ಚೆನ್ನೈ ಪಕ್ಕ, ಶ್ರೀಪೆರಂಬುದೂರಿನ ಹತ್ತಿರದ ಇರುಂಗಾಟ್ಟುಕೋಟ್ಟೈಯಲ್ಲಿ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಟ್ರ್ಯಾಕ್ ಅದು, 1990ರಲ್ಲಿ ಶುರುವಾದದ್ದು, ಒಂದು ಸುತ್ತು 3.717 ಕಿ.ಮೀ., 12 ತಿರುವು. ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಎಂದು ಹೆಸರು. ಹಳಬರ ಬಾಯಲ್ಲಿ ಇನ್ನೂ ಎಂಎಂಆರ್‌ಟಿ (ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್). ಇನ್ನೊಂದು ಟ್ರ್ಯಾಕ್ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, 2003ರದ್ದು, ಸುಮಾರು 2.1 ಕಿ.ಮೀ. ಕರ್ನಾಟಕದಲ್ಲಿ ಇಂಥ ಟ್ರ್ಯಾಕ್ ಇಲ್ಲ. ಬೆಂಗಳೂರಿನ ತಂಡವೆಂದರೆ ಪ್ರತಿ ಸುತ್ತಿಗೂ, ಪ್ರತಿ ಪ್ರಾಕ್ಟೀಸಿಗೂ ಹೋಗಿ ಬರಲು 600 ಕಿ.ಮೀ. ಖರ್ಚಿನ ಲೆಕ್ಕ ಹಾಕುವಾಗ ಮೊದಲು ಬರೆಯಬೇಕಾದ ಸಾಲು ಇದೇ. ನಾವು ಕೊನೆಗೆ ಬರೆದೆವು, ಅದಕ್ಕೇ ಲೆಕ್ಕ ತಪ್ಪಿತು.

ಸಲೂನ್ ಕಾರುಗಳಿಗೆ, ಅಂದರೆ ರಸ್ತೆಯ ಮಾಮೂಲಿ ಕಾರನ್ನು ರೇಸಿಗೆ ಬದಲಿಸಿದವಕ್ಕೆ, ಮುಖ್ಯವಾಗಿ ಮೂರು ವಿಭಾಗ: ಇಂಡಿಯನ್ ಟೂರಿಂಗ್ ಕಾರ್ಸ್, ಇಂಡಿಯನ್ ಜೂನಿಯರ್ ಟೂರಿಂಗ್ ಕಾರ್ಸ್, ಸೂಪರ್ ಸ್ಟಾಕ್. ಜೂನಿಯರ್ ಎಂದರೆ ಮಕ್ಕಳ ವಿಭಾಗವಲ್ಲ. ಯಾವ ಎಂಜಿನ್, ಎಷ್ಟು ಬದಲಾವಣೆ ಮಾಡಬಹುದು ಎನ್ನುವುದರ ಮೇಲೆ ವಿಭಾಗ ಬೇರೆಯಾಗುತ್ತದೆ, ಆ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆದ್ದರಿಂದ ಕಾರು ಕೊಳ್ಳುವ ಮೊದಲು ಆ ವರ್ಷದ ಟೆಕ್ನಿಕಲ್ ರೆಗ್ಯುಲೇಷನ್ಸ್ ಪ್ರಿಂಟ್ ತೆಗೆದು, ಗೆರೆ ಎಳೆದುಕೊಂಡು ಓದಿ. ಅಗ್ಗಕ್ಕೆ ಸಿಕ್ಕಿತೆಂದು ಕಾರು ತಂದು ಆಮೇಲೆ ವಿಭಾಗ ಹುಡುಕಬೇಡಿ.

ನಮ್ಮ ಆಯ್ಕೆ ಮಾರುತಿ ಎಸ್ಟೀಮ್. 1298 ಸಿಸಿ, 16 ವಾಲ್ವ್, ಎಂಪಿಎಫ್‌ಐ ಎಂಜಿನ್, ಷೋರೂಂನಿಂದ ಬಂದಾಗ 85 ಅಶ್ವಶಕ್ತಿ. ಹಗುರ ಕಾರು. ದಶಕಗಳಿಂದ ರೇಸ್ ಮಾಡಿದ ಗಾಡಿಯಾದ್ದರಿಂದ ಅದರ ಕಾಯಿಲೆಗಳೆಲ್ಲ ಗೊತ್ತಿರುವ ಮೆಕ್ಯಾನಿಕ್‌ಗಳು ಸಿಗುತ್ತಾರೆ. ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ. ಆದರೆ 2007ಕ್ಕೆ ಎಸ್ಟೀಮ್ ತಯಾರಿಕೆ ನಿಂತಿತು, ಒಳ್ಳೆಯ ಬಾಡಿ ಸಿಗುವುದು ಕಷ್ಟ. ಎಂಜಿನ್ ಹೇಗಿದ್ದರೂ ಬಿಚ್ಚುತ್ತೀರಿ, ಅದನ್ನು ನೋಡಿ ಮರುಳಾಗಬೇಡಿ. ನೋಡಬೇಕಾದದ್ದು ತುಕ್ಕು: ಮುಂದಿನ ಸ್ಟ್ರಟ್ ಟವರ್ (ಸಸ್ಪೆನ್ಶನ್‌ನ ಮೇಲ್ತುದಿ ಕೂರುವ ಜಾಗ), ಡ್ರೈವರ್ ಕಾಲಡಿಯ ಫ್ಲೋರ್, ಜ್ಯಾಕ್ ಹಾಕುವ ಜಾಗ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ, ತಗಡು ಕುಸಿದರೆ ಆ ಬಾಡಿ ಬೇಡ. ಕಾರು ಮಗುಚಿದರೆ ಡ್ರೈವರನ್ನು ಕಾಯುವ ಪೈಪಿನ ಪಂಜರ, ಅಂದರೆ ರೋಲ್ ಕೇಜ್, ನಿಲ್ಲುವುದು ಆ ತಗಡಿನ ಮೇಲೇ.

ಕಾಗದಪತ್ರವನ್ನು ಕಾರಿನ ಕೆಲಸದ ಜೊತೆಗೇ ಶುರು ಮಾಡಿ. ಲೈಸೆನ್ಸ್ ಕೊಡುವುದು ಎಫ್‌ಎಂಎಸ್‌ಸಿಐ, ಅಂದರೆ ಜಾಗತಿಕ ಮೋಟಾರ್ ಸ್ಪೋರ್ಟ್ಸ್ ಸಂಸ್ಥೆ ಎಫ್‌ಐಎಯ ಮಾನ್ಯತೆ ಇರುವ ಭಾರತದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ. ಹೊಸಬರು ರೇಸಿಂಗ್ ಸ್ಕೂಲಿನ ತರಬೇತಿ ಮುಗಿಸಿ ಪ್ರಮಾಣಪತ್ರ ಇಟ್ಟುಕೊಂಡಿರಬೇಕು. ಸ್ಕೂಲುಗಳು ವರ್ಷವಿಡೀ ನಡೆಯುವುದಿಲ್ಲ. ಟ್ರ್ಯಾಕ್ ಖಾಲಿ ಇರುವ ದಿನಗಳಲ್ಲಿ ಬ್ಯಾಚ್ ಮಾಡುತ್ತಾರೆ. ಒಂದು ಬ್ಯಾಚ್ ತಪ್ಪಿದರೆ ಮುಂದಿನದಕ್ಕೆ ಕಾಯುತ್ತಾ ಮೊದಲ ಸುತ್ತೇ ಕಳೆದುಹೋಗಬಹುದು. ವೈದ್ಯಕೀಯ ಪ್ರಮಾಣಪತ್ರದಲ್ಲಿ ಡಾಕ್ಟರ ನೋಂದಣಿ ಸಂಖ್ಯೆ, ಸೀಲು, ರಕ್ತದ ಗುಂಪು ಮೂರೂ ಸ್ಪಷ್ಟವಾಗಿ ಇರಲಿ. ಓಡಿಸುವವರ ಲೈಸೆನ್ಸ್ ಬೇರೆ, ತಂಡವಾಗಿ ಹೆಸರು ಕೊಡುವ ಎಂಟ್ರೆಂಟ್ ಲೈಸೆನ್ಸ್ ಬೇರೆ. ತಂಡದ ಹೆಸರಲ್ಲಿ ಇಳಿಯುವವರು ಎರಡನ್ನೂ ನೆನಪಿಡಬೇಕು.

ನಮ್ಮ ಕಡೆಯವರಿಗೆಲ್ಲ ಆಗುವ ತೊಂದರೆ ಇನಿಶಿಯಲ್‌ನದು. ಆಧಾರ್‌ನಲ್ಲಿ ತಂದೆಯ ಹೆಸರು ಪೂರ್ತಿ, ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಬರೀ ಅಕ್ಷರ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅದೇ ಅಕ್ಷರ ಹೆಸರಿನ ಹಿಂದೆ. ಮೂರು ಕಾಗದದಲ್ಲಿ ಮೂರು ಹೆಸರಾದರೆ ಅರ್ಜಿ ನಿಲ್ಲುತ್ತದೆ, ನಮ್ಮದೂ ನಿಂತಿತು. ಯಾವುದಾದರೂ ಒಂದು ರೂಪ ಹಿಡಿದು, ಲೈಸೆನ್ಸ್ ಅರ್ಜಿಯಿಂದ ಹಿಡಿದು ಎಂಟ್ರಿ ಫಾರಂ, ಓವರಾಲ್ (ಬೆಂಕಿ ತಡೆಯುವ ರೇಸ್ ಉಡುಪು) ಮೇಲಿನ ಕಸೂತಿವರೆಗೂ ಅದನ್ನೇ ಬಳಸಿ.

ರೋಲ್ ಕೇಜ್‌ ವಿಷಯವನ್ನು ಕೊಂಚ ವಿವರವಾಗಿ ಹೇಳಬೇಕು, ಯಾಕೆಂದರೆ ಪ್ರಾಣ ಉಳಿಸುವುದು ಅದು. ಎಫ್‌ಐಎಯ ಅಪೆಂಡಿಕ್ಸ್ ಜೆ, 253ನೇ ವಿಧಿಯಲ್ಲಿ ಅಳತೆ ಇದೆ. ಡ್ರೈವರ್ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ ಪೈಪು, ಇಲ್ಲವೇ 50 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪದ್ದು. ಉಳಿದವಕ್ಕೆ 38ಕ್ಕೆ 2.5, ಅಥವಾ 40ಕ್ಕೆ 2. ಪೈಪು ಸೀಮ್‌ಲೆಸ್ ಆಗಿರಬೇಕು, ಕೋಲ್ಡ್ ಡ್ರಾನ್ ಕಾರ್ಬನ್ ಸ್ಟೀಲ್, ಕರ್ಷಣ ಬಲ ಕನಿಷ್ಠ 350 ನ್ಯೂಟನ್ ಪ್ರತಿ ಚದರ ಮಿ.ಮೀ. ಇಲ್ಲಿಯೇ ಮೋಸ ಹೋಗುವುದು. ಗೇಟು, ಗ್ರಿಲ್ ಮಾಡುವ ಅಂಗಡಿಯಲ್ಲಿ ಸಿಗುವುದು ಬೆಸುಗೆ ಹಾಕಿದ ಇಆರ್‌ಡಬ್ಲ್ಯು ಪೈಪು. ಬಣ್ಣ ಬಳಿದ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣದು. ಕತ್ತರಿಸಿದ ತುದಿಯ ಒಳಗೆ ಬೆರಳಾಡಿಸಿ: ಉದ್ದಕ್ಕೆ ಒಂದು ಸಣ್ಣ ಏಣು ತಾಗಿದರೆ ಅದು ಬೆಸುಗೆಯ ಗೆರೆ, ಆ ಪೈಪು ವಾಪಸ್. ಏಣು ತಾಗಲಿಲ್ಲವೆಂದು ಸುಮ್ಮನಾಗಬೇಡಿ, ಒಳಗಿನ ಏಣನ್ನು ಕೆರೆದು ತೆಗೆದ ಪೈಪೂ ಮಾರುಕಟ್ಟೆಯಲ್ಲಿದೆ. ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ, ಸ್ಕ್ರೂಟಿನಿ ಫೈಲಿನಲ್ಲಿ ಇಡಿ.

ಕಾರಿನ ಬಾಡಿ ಮೇಲೆ ಕೇಜ್ ಕೂರುವ ಕಡೆ ಕನಿಷ್ಠ 3 ಮಿ.ಮೀ. ದಪ್ಪ, 120 ಚದರ ಸೆಂ.ಮೀ. ವಿಸ್ತೀರ್ಣದ ಪ್ಲೇಟು ಬೆಸೆಯಬೇಕು. ಬೋಲ್ಟ್ ಹಾಕುವ ಕೇಜ್ ಆದರೆ ಒಂದೊಂದು ಪಾದಕ್ಕೆ ಕನಿಷ್ಠ ಮೂರು ಎಂ8 ಬೋಲ್ಟ್, 8.8 ಗ್ರೇಡ್; ಬೋಲ್ಟಿನ ತಲೆಯ ಮೇಲೆ ಆ ಸಂಖ್ಯೆ ಕೊರೆದಿರುತ್ತದೆ. ನಮ್ಮ ಕೇಜ್‌ನಲ್ಲಿ ಬೆಸುಗೆ ತಪ್ಪಿದ್ದು ರೂಫ್‌ ಕಡೆ. ಕೇಜನ್ನು ಮೇಲೆ ಕೂರಿಸಿಯೇ ಬೆಸೆದರೆ ಪೈಪು ಮತ್ತು ರೂಫ್ ನಡುವೆ ಬೆಸುಗೆಯ ಟಾರ್ಚ್ ಹೋಗುವುದಿಲ್ಲ, ಮುಕ್ಕಾಲು ಸುತ್ತು ಮಾತ್ರ ಬೆಸುಗೆ ಬೀಳುತ್ತದೆ. ಫ್ಲೋರಿನಲ್ಲಿ ರಂಧ್ರ ಕೊರೆದು, ಕೇಜನ್ನು ಕೆಳಗಿಳಿಸಿ ಮೇಲಿನ ಜೋಡಣೆಗಳನ್ನೆಲ್ಲ ಪೂರ್ತಿ ಸುತ್ತು ಬೆಸೆದು, ಆಮೇಲೆ ಮೇಲೆತ್ತಿ ಪಾದದ ಪ್ಲೇಟ್ ಹಾಕುವುದು ಸರಿಯಾದ ಕ್ರಮ. ಪುಟ್ಟ ಕನ್ನಡಿಯೊಂದನ್ನು ರೂಫ್ ಮತ್ತು ಪೈಪಿನ ಸಂದಿಗೆ ಹಿಡಿದರೆ ತಪ್ಪು ಅಲ್ಲೇ ಕಾಣುತ್ತದೆ. ನಮಗೆ ಕನ್ನಡಿ ಹಿಡಿಯುವುದು ಹೊಳೆದದ್ದು ಬಣ್ಣ ಹೊಡೆದ ಮೇಲೆ. ಬಣ್ಣ ಕೆರೆದು ಮತ್ತೆ ಬೆಸೆಯಲು ಹನ್ನೊಂದು ದಿನ ಹೋಯಿತು.

ಸೀಟು, ಬೆಲ್ಟು, ಹೆಲ್ಮೆಟ್, ಓವರಾಲ್, ಡಿಕ್ಕಿಯಲ್ಲಿ ತಲೆ ಮುಂದಕ್ಕೆ ಎಸೆಯದಂತೆ ಕುತ್ತಿಗೆಗೆ ಹ್ಯಾನ್ಸ್: ಎಲ್ಲದಕ್ಕೂ ಎಫ್‌ಐಎ ಲೇಬಲ್ ಇರಬೇಕು. ಹೆಲ್ಮೆಟ್‌ಗೆ 8859, ಓವರಾಲ್‌ಗೆ 8856, ಹ್ಯಾನ್ಸ್‌ಗೆ 8858, ಸೀಟಿಗೆ 8855, ಬೆಲ್ಟಿಗೆ 8853. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಮೊದಲು ನೋಡಬೇಕಾದದ್ದು ಅವಧಿ. 8855-1999ರ ಸೀಟು ತಯಾರಾದ ದಿನದಿಂದ ಐದು ವರ್ಷಕ್ಕೆ. ಹೊಸದಾಗಿಯೇ ಕಂಡರೂ ಆರನೇ ವರ್ಷದ ಸೀಟನ್ನು ಸ್ಕ್ರೂಟಿನಿಯಲ್ಲಿ ಒಪ್ಪುವುದಿಲ್ಲ, ಒಪ್ಪಲೂಬಾರದು. ಭುಜದ ಬೆಲ್ಟು ಸೀಟಿನಿಂದ ಹಿಂದಕ್ಕೆ ಹೋಗುವಾಗ ಆದಷ್ಟು ನೇರವಾಗಿರಲಿ, 10 ಡಿಗ್ರಿ ಇಳಿಜಾರು ಉತ್ತಮ, 45 ದಾಟಲೇಬಾರದು. ಅದನ್ನು ಫ್ಲೋರಿಗೆ ಕಟ್ಟಿದರೆ ಡಿಕ್ಕಿಯಾದಾಗ ಬೆಲ್ಟು ಬೆನ್ನುಹುರಿಯನ್ನು ಕೆಳಕ್ಕೆ ಜಗ್ಗುತ್ತದೆ. ಮುಖ್ಯ ಕಮಾನಿನ ಅಡ್ಡ ಪೈಪಿಗೇ ಸುತ್ತಬೇಕು. ಬೆಂಕಿ ನಂದಿಸುವ ಸಿಲಿಂಡರ್ ಭರ್ತಿಯಾಗಿ ಅಥವಾ ಪರೀಕ್ಷೆಯಾಗಿ ಎರಡು ವರ್ಷ ಮೀರಿರಬಾರದು. ಹೊರಗಿನ ಮೇನ್ ಸ್ವಿಚ್ ಪಕ್ಕದಲ್ಲಿ ನೀಲಿ ತ್ರಿಕೋನದೊಳಗೆ ಕೆಂಪು ಮಿಂಚಿನ ಗುರುತು, ತಳ 12 ಸೆಂ.ಮೀ.; ಸಿಲಿಂಡರಿನ ಹಿಡಿ ಎಳೆಯುವ ಜಾಗದಲ್ಲಿ 10 ಸೆಂ.ಮೀ. ಬಿಳಿ ವೃತ್ತದೊಳಗೆ ಕೆಂಪು ಇ ಅಕ್ಷರ. ಸ್ಟಿಕ್ಕರ್ ಚಿಕ್ಕದಾಯಿತೆಂದು ವಾಪಸ್ ಬಂದವರು ನಮ್ಮ ಮುಂದಿನ ಸಾಲಿನಲ್ಲೇ ಇದ್ದರು. ಹೊಸಬರಿಗೆ ಇದು ಕೇಳಿರದ ಖರ್ಚು: ಕಾರು ಕೊಂಡ ದುಡ್ಡಿಗಿಂತ ಈ ಸುರಕ್ಷತಾ ಸಾಮಾನಿಗೆ ನಮಗೆ ಹೆಚ್ಚಾಯಿತು.

ಇನ್ನು ಎಂಜಿನ್. ಇರುಂಗಾಟ್ಟುಕೋಟ್ಟೈಯ ಮುಖ್ಯ ಸ್ಟ್ರೈಟ್ (ನೇರ ಹಾದಿ) ಮುಗಿದ ಕೂಡಲೇ ಮೊದಲ ತಿರುವು ಸಿ1, ವೇಗದ ಬಲ ತಿರುವು. ಕಾರು ಬಲಕ್ಕೆ ತಿರುಗಿದಷ್ಟು ಹೊತ್ತೂ ಸಂಪ್‌ನಲ್ಲಿರುವ ಆಯಿಲ್ ಎಡಗೋಡೆಗೆ ಏರಿ ನಿಲ್ಲುತ್ತದೆ. ಆಯಿಲ್ ಹೀರುವ ಪಿಕಪ್ ಪೈಪಿನ ಬಾಯಿ ಬರಿದಾಗಿ ಪಂಪು ಗಾಳಿ ಹೀರುತ್ತದೆ. ಒಂದೆರಡು ಸೆಕೆಂಡು ಅಷ್ಟೇ, ಆದರೆ ಎಂಜಿನ್ ಆಗ ಆರು ಸಾವಿರ ಆರ್‌ಪಿಎಂ ಮೇಲಿರುತ್ತದೆ. ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಶಾಫ್ಟಿಗೆ ಸೇರುವ ಕಡೆಯ ಬಿಗ್ ಎಂಡ್ ಬೇರಿಂಗ್ ಒಣಗಿ ತಿರುಗುತ್ತದೆ. ಅದೇ ಸುತ್ತಿನಲ್ಲಿ ಏನೂ ಆಗುವುದಿಲ್ಲ. ನಾಲ್ಕೈದು ಸೆಷನ್ ಕಳೆದ ಮೇಲೆ ಒಂದು ದಿನ ಟಕಟಕ ಸದ್ದು ಶುರುವಾಗುತ್ತದೆ, ಆಗ ಕ್ರ್ಯಾಂಕ್‌ಶಾಫ್ಟ್ ಗೀಚಿ ಹೋಗಿರುತ್ತದೆ. ಇದಕ್ಕೆ ಮದ್ದು ಸಂಪ್ ಒಳಗೆ ತಗಡಿನ ಬ್ಯಾಫಲ್: ಪಿಕಪ್ ಸುತ್ತ ಒಂದು ಪೆಟ್ಟಿಗೆ, ಅದರ ಗೋಡೆಗಳಲ್ಲಿ ಒಳಕ್ಕೆ ಮಾತ್ರ ತೆರೆಯುವ ಕೀಲುಬಾಗಿಲು. ಆಯಿಲ್ ಒಳಗೆ ಬರುತ್ತದೆ, ಹೊರಗೆ ಓಡಿಹೋಗುವುದಿಲ್ಲ. ಜೊತೆಗೆ ಅರ್ಧ ಲೀಟರ್ ಆಯಿಲ್ ಹೆಚ್ಚು. ಡ್ಯಾಶ್‌ಬೋರ್ಡಿನ ಕಂಪನಿ ದೀಪ ನಂಬಬೇಡಿ, ಅದು ಹತ್ತುವಾಗ ಕಾಲ ಮೀರಿರುತ್ತದೆ. 1.5 ಬಾರ್‌ಗೆ ಉರಿಯುವ ಸ್ವಿಚ್ ಹಾಕಿ, ದೊಡ್ಡ ಕೆಂಪು ದೀಪವನ್ನು ಡ್ರೈವರ್ ಕಣ್ಣಿನ ಎದುರಿಗೇ ಇಡಿ. ಸಿ1 ದಾಟುವಾಗ ಒಮ್ಮೆ ಮಿನುಗಿದರೂ ಪಿಟ್‌ಗೆ (ಟ್ರ್ಯಾಕ್ ಪಕ್ಕದ ರಿಪೇರಿ ಜಾಗಕ್ಕೆ) ಬರಬೇಕೆಂದು ಮೊದಲೇ ಮಾತಾಗಿರಲಿ.

ಬ್ರೇಕ್ ಫ್ಲೂಯಿಡ್‌ನಲ್ಲಿ ಉಳಿತಾಯ ಬೇಡ. ಡಾಟ್ 4 ಎಂದು ಬರೆದಿರುವುದಕ್ಕೆ ಹೊಸದಿದ್ದಾಗ ಕುದಿಬಿಂದು ಕನಿಷ್ಠ 230 ಡಿಗ್ರಿ, ತೇವ ಹೀರಿದ ಮೇಲೆ 155. ಚೆನ್ನೈ ಗಾಳಿಯ ತೇವಕ್ಕೆ ತೆರೆದ ಬಾಟಲಿ ಬೇಗ ಕೆಡುತ್ತದೆ. ಕುದ್ದರೆ ಪೈಪಿನಲ್ಲಿ ಆವಿಯ ಗುಳ್ಳೆ, ಪೆಡಲ್ ನೆಲ ಮುಟ್ಟುತ್ತದೆ. 300 ಡಿಗ್ರಿ ಮೀರಿದ ರೇಸಿಂಗ್ ಫ್ಲೂಯಿಡ್ ಹಾಕಿ, ಪ್ರತಿ ರೇಸ್ ವಾರಾಂತ್ಯದ ಮೊದಲು ಪೂರ್ತಿ ಬದಲಿಸಿ, ಕ್ವಾಲಿಫೈಯಿಂಗ್ ಆದ ಮೇಲೆ ಮುಂದಿನ ಎರಡು ಕ್ಯಾಲಿಪರ್ ಬ್ಲೀಡ್ ಮಾಡಿ, ಅಂದರೆ ಒಳಗಿನ ಗಾಳಿ ಬಿಡಿಸಿ. ಅರ್ಧ ಲೀಟರಿನ ನಾಲ್ಕು ಬಾಟಲಿ ಒಂದು ವಾರಾಂತ್ಯಕ್ಕೆ ಸಾಕು.

ಸಾಗಣೆಗೆ ಬರೋಣ. ರೇಸ್ ಕಾರನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ, ಫ್ಲ್ಯಾಟ್‌ಬೆಡ್ ಲಾರಿ ಬೇಕು. ರಾಜ್ಯ ದಾಟುವ ಸರಕಿನ ಬೆಲೆ 50,000 ರೂ. ಮೀರಿದರೆ ಇ-ವೇ ಬಿಲ್ಲಿನ ಪ್ರಶ್ನೆ ಬರುತ್ತದೆ. ಡೆಲಿವರಿ ಚಲನ್, ಎಂಟ್ರಿ ಫಾರಂ ಪ್ರತಿ, ಎಂಜಿನ್ ಮತ್ತು ಚಾಸಿ ಸಂಖ್ಯೆ ಬರೆದ ಕಾಗದ, ಬಿಡಿ ಎಂಜಿನ್ ಇದ್ದರೆ ಅದರದ್ದೂ, ಎಲ್ಲವನ್ನೂ ಲಾರಿ ಡ್ರೈವರ್ ಕೈಯಲ್ಲಿ ಕೊಡಿ, ನಿಮ್ಮ ಕಾರಿನಲ್ಲಿ ಇಟ್ಟುಕೊಳ್ಳಬೇಡಿ. ಹೊಸೂರು ದಾಟಿದ ಮೇಲೆ ರಾತ್ರಿ ಎರಡು ಗಂಟೆಗೆ ಕಾಗದ ಕೇಳಿದರೆ ನೀವು ಹಿಂದೆ ಎಲ್ಲೋ ಇರುತ್ತೀರಿ. ಲಾರಿಯ ಮೇಲೆ ಕಾರು ಕಟ್ಟುವ ಬೆಲ್ಟನ್ನು ಕಾರಿನ ಬಾಡಿಗೆ ಬಿಗಿಯಬಾರದು, ಚಕ್ರಕ್ಕೆ ಬಿಗಿಯಬೇಕು. ಬಾಡಿ ಕುಣಿದಾಗ ಬೆಲ್ಟು ಸಡಿಲವಾಗುತ್ತದೆ. ಮಾಮೂಲಿ ಮೋಟಾರು ವಿಮೆ ರೇಸಿನಲ್ಲಾಗುವ ಹಾನಿಗೆ ಬರುವುದಿಲ್ಲ. ಟ್ರ್ಯಾಕಿನಲ್ಲಿ ಬಾಗಿಲು ನಜ್ಜುಗುಜ್ಜಾದರೆ ಪೂರ್ತಿ ನಿಮ್ಮ ಖರ್ಚು.

ಬಿಡಿಸಾಮಾನಿನ ಪೆಟ್ಟಿಗೆಯಲ್ಲಿ ಇರಲೇಬೇಕಾದದ್ದು: ಒಂದು ಡ್ರೈವ್‌ಶಾಫ್ಟ್, ಮುಂದಿನ ಹಬ್ ಬೇರಿಂಗ್ ಎರಡು, ಬ್ರೇಕ್ ಪ್ಯಾಡ್ ಎರಡು ಸೆಟ್, ಕ್ಲಚ್ ಪ್ಲೇಟ್, ರೇಡಿಯೇಟರ್ ಹೋಸ್ ಮೇಲಿನದು ಕೆಳಗಿನದು, ಆಲ್ಟರ್ನೇಟರ್ ಬೆಲ್ಟ್, ವೀಲ್ ಸ್ಟಡ್ ಆರು, ಎಂಟು ಲೀಟರ್ ಆಯಿಲ್. ಭಾನುವಾರ ಮಧ್ಯಾಹ್ನ ಶ್ರೀಪೆರಂಬುದೂರಿನಲ್ಲಿ ಎಸ್ಟೀಮ್ ಡ್ರೈವ್‌ಶಾಫ್ಟ್ ಹುಡುಕಿಕೊಂಡು ಹೋಗುವ ಗತಿ ಯಾರಿಗೂ ಬೇಡ.

ವಾರಾಂತ್ಯ ಶುಕ್ರವಾರ ಶುರು. ಕಾಗದಪತ್ರ, ಸ್ಕ್ರೂಟಿನಿ, ಪ್ರಾಕ್ಟೀಸ್. ಸ್ಕ್ರೂಟಿನಿಗೆ ಕಾರಿನ ಜೊತೆ ಹೆಲ್ಮೆಟ್, ಓವರಾಲ್, ಒಳಉಡುಪು, ಗ್ಲೌಸ್ ಎಲ್ಲವನ್ನೂ ಒಂದೇ ಚೀಲದಲ್ಲಿ ಒಯ್ಯಿರಿ. ಬ್ಯಾಟರಿ ಬಿಗಿಯಾಗಿದೆಯೇ, ಮೇನ್ ಸ್ವಿಚ್ ಒತ್ತಿದಾಗ ಓಡುತ್ತಿರುವ ಎಂಜಿನ್ ನಿಲ್ಲುತ್ತದೆಯೇ ಎಂದು ಖಂಡಿತ ನೋಡುತ್ತಾರೆ. ಆಲ್ಟರ್ನೇಟರ್ ತಂತಿಯನ್ನು ಸ್ವಿಚ್ಚಿನ ತಪ್ಪು ಬದಿಗೆ ಕೊಟ್ಟಿದ್ದರೆ ಬ್ಯಾಟರಿ ಕಡಿದರೂ ಎಂಜಿನ್ ಓಡುತ್ತಲೇ ಇರುತ್ತದೆ. ಅತಿ ಸಾಮಾನ್ಯ ತಪ್ಪು ಇದು, ಆರು ತಂತಿಯ ಸ್ವಿಚ್ ಹಾಕಿದರೆ ಸರಿಹೋಗುತ್ತದೆ. ಡ್ರೈವರ್ಸ್ ಬ್ರೀಫಿಂಗ್‌ಗೆ ತಡವಾಗಬೇಡಿ, ಸಹಿ ಹಾಕಿಸಿಕೊಳ್ಳುತ್ತಾರೆ. ಹಳದಿ ಬಾವುಟ ಬೀಸುವಾಗ ಹಿಂದಿಕ್ಕುವಂತಿಲ್ಲ; ಹಳದಿ ಮೇಲೆ ಕೆಂಪು ಪಟ್ಟೆ ಇದ್ದರೆ ಮುಂದೆ ಆಯಿಲ್ಲೋ ನೀರೋ ಬಿದ್ದು ಟ್ರ್ಯಾಕ್ ಜಾರುತ್ತದೆ; ಕಪ್ಪಿನ ಮಧ್ಯೆ ಕಿತ್ತಳೆ ಚುಕ್ಕೆ, ಜೊತೆಗೆ ನಿಮ್ಮ ನಂಬರ್ ಕಂಡರೆ ನಿಮ್ಮ ಕಾರಿನಲ್ಲೇ ತೊಂದರೆ, ಪಿಟ್‌ಗೆ ಬರಬೇಕು.

ಟೈರಿನ ಗಾಳಿ ಒಂದು ಲೆಕ್ಕ. ಬೆಳಿಗ್ಗೆ 30 ಡಿಗ್ರಿಯಲ್ಲಿ 24 ಪಿಎಸ್‌ಐ ಹಿಡಿಸಿದ ಟೈರಿನೊಳಗಿನ ಗಾಳಿ 80 ಡಿಗ್ರಿಗೆ ಕಾದರೆ ಒತ್ತಡ 30 ದಾಟುತ್ತದೆ. ಹಾಗಾಗಿ ತಣ್ಣಗಿದ್ದಾಗಿನ ಸಂಖ್ಯೆ ಮುಖ್ಯವಲ್ಲ, ಟ್ರ್ಯಾಕಿನಿಂದ ಬಂದ ತಕ್ಷಣದ್ದು ಮುಖ್ಯ. ಬಂದ ಮೊದಲ ನಿಮಿಷದಲ್ಲೇ ನಾಲ್ಕನ್ನೂ ಅಳೆದು, ಹೊತ್ತು ಮತ್ತು ರಸ್ತೆಯ ಬಿಸಿಯ ಜೊತೆ ಪುಸ್ತಕದಲ್ಲಿ ಬರೆಯಿರಿ. ಮೂರು ಸೆಷನ್ ಬರೆದರೆ ನಾಲ್ಕನೆಯದಕ್ಕೆ ಊಹೆ ಬೇಕಾಗುವುದಿಲ್ಲ. ಇಲ್ಲಿ ಮುಂದಿನ ಎಡ ಟೈರು ಮೊದಲು ಸಾಯುತ್ತದೆ, ಬಲ ತಿರುವಿನ ಭಾರವೆಲ್ಲ ಅದರ ಮೇಲೆ. ಮುಂದಿನ ಚಕ್ರದ ವಾಲು, ಅಂದರೆ ಕ್ಯಾಂಬರ್, ಮೈನಸ್ 3 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟ ಮೇಲೆ ಹೊರ ಅಂಚು ಸವೆಯುವುದು ತಗ್ಗಿತು.

ಹತ್ತು ಸುತ್ತಿನ ರೇಸ್ ಅಂದರೆ 37 ಕಿ.ಮೀ. ಕೇಳಲು ಸಣ್ಣದು. ಮೂರು ಪದರದ ಬಟ್ಟೆ, ಎಸಿ ಇಲ್ಲದ ಕಾರು, ಮಧ್ಯಾಹ್ನದ ಚೆನ್ನೈ. ಸ್ಟಾರ್ಟಿಗೆ ನಿಲ್ಲುವ ಗ್ರಿಡ್‌ನಲ್ಲಿ ಕಾಯುವ ಹೊತ್ತಿಗೇ ಓವರಾಲ್ ತೊಯ್ದಿರುತ್ತದೆ. ಹಿಂದಿನ ದಿನದಿಂದಲೇ ಓಆರ್‌ಎಸ್ ಕುಡಿಯುತ್ತಿರಬೇಕು. ಆ ಹೊತ್ತಿಗೆ ಬಾಟಲಿ ಎತ್ತಿದರೆ ಉಪಯೋಗವಿಲ್ಲ.

ಕೊಯಮತ್ತೂರಿನಲ್ಲಿ ಕಥೆಯೇ ಬೇರೆ. ಟ್ರ್ಯಾಕ್ ಚಿಕ್ಕದು, ಬ್ರೇಕಿಗೆ ಉಸಿರಾಡಲು ಪುರುಸೊತ್ತಿಲ್ಲ, ಎರಡನೇ ಗೇರಿನ ಸಿಂಕ್ರೊ (ಗೇರ್ ಸಲೀಸಾಗಿ ಬೀಳಿಸುವ ಉಂಗುರ) ಸವೆಯುತ್ತದೆ. ಬ್ರೇಕಿಗೆ ತಂಪುಗಾಳಿ ಒಯ್ಯುವ ಡಕ್ಟ್‌ಗೆ ಮೂರು ಇಂಚಿನ ಹೋಸ್ ಎಳೆಯುವುದು ಇಲ್ಲಿ ಇರುಂಗಾಟ್ಟುಕೋಟ್ಟೈಗಿಂತ ಹೆಚ್ಚು ಅಗತ್ಯ.

ಸೀಸನ್ ಅಕ್ಟೋಬರ್ ದಾಟಿದರೆ ಹಿಂಗಾರು ಮಳೆ ಕಾದಿರುತ್ತದೆ. ತೂಕ ಇಳಿಸುವ ಹುಮ್ಮಸ್ಸಿನಲ್ಲಿ ಗಾಜಿಗೆ ಗಾಳಿ ಊದುವ ಬ್ಲೋವರ್ ಕಿತ್ತು ಹಾಕಿದ್ದೆವು. ಮಳೆಯ ಸೆಷನ್‌ನಲ್ಲಿ ಎರಡನೇ ಸುತ್ತಿಗೆ ವಿಂಡ್‌ಶೀಲ್ಡ್ ಒಳಗಿನಿಂದ ಬೆಳ್ಳಗಾಯಿತು. ಡ್ರೈವರ್ ಗ್ಲೌಸಿನಿಂದ ಒರೆಸಿದಷ್ಟೂ ಮಸುಕು. ನೋಡಲಾಗದೆ ಪಿಟ್‌ಗೆ ಬಂದದ್ದು ಸರಿಯಾದ ನಿರ್ಧಾರ, ಆದರೆ ಕೈಗೆ ಬಂದ ಪಾಯಿಂಟ್ ಹೋಯಿತು. ಬ್ಲೋವರ್ ಕೀಳಬೇಡಿ. ಕಿತ್ತಿದ್ದರೆ 12 ವೋಲ್ಟಿನ ಒಂದು ಫ್ಯಾನನ್ನಾದರೂ ಗಾಜಿನ ಕಡೆ ತಿರುಗಿಸಿ, ಗಾಜಿಗೆ ಶೇವಿಂಗ್ ಫೋಮ್ ತೆಳ್ಳಗೆ ಹಚ್ಚಿ ಒಣಬಟ್ಟೆಯಿಂದ ಉಜ್ಜಿ. ಒದ್ದೆಯಲ್ಲಿ ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಹಿಂದಿನ ಆ್ಯಂಟಿ ರೋಲ್ ಬಾರ್ ಒಂದು ತುದಿ ಬಿಚ್ಚಿದರೆ ಹಿಂಬದಿ ಜಾರುವುದು ಕಡಿಮೆಯಾಗುತ್ತದೆ. ಎರಡು ನಿಮಿಷದ ಕೆಲಸ.

ರೇಸ್ ಮುಗಿದರೂ ಕೆಲಸ ಮುಗಿಯುವುದಿಲ್ಲ. ಕಾರು ಪಾರ್ಕ್ ಫರ್ಮೆಗೆ (ರೇಸ್ ನಂತರ ತಪಾಸಣೆಗೆ ಇಡುವ ಜಾಗಕ್ಕೆ) ಹೋದ ಮೇಲೆ ತಂಡದವರು ಯಾರೂ ಮುಟ್ಟಬಾರದು, ಬಾನೆಟ್ ಕೂಡ ಎತ್ತಬಾರದು. ತೂಕ ನೋಡುತ್ತಾರೆ, ಕನಿಷ್ಠ ತೂಕಕ್ಕೆ ಐದಾರು ಕಿಲೋ ಹೆಚ್ಚೇ ಇಡಿ, ಪೆಟ್ರೋಲ್ ಸುಟ್ಟಿರುತ್ತದೆ, ಟೈರು ಸವೆದಿರುತ್ತದೆ. ಬಂಪರ್ ಬಿದ್ದು ಹೋಗಿದ್ದರೆ ಅದೂ ಕಡಿಮೆ. ತಾತ್ಕಾಲಿಕ ಫಲಿತಾಂಶ ಬೋರ್ಡಿಗೆ ಹಚ್ಚಿದ ಹೊತ್ತನ್ನು ಫೋಟೋ ತೆಗೆದುಕೊಳ್ಳಿ. ಫಲಿತಾಂಶದ ವಿರುದ್ಧ ಪ್ರೊಟೆಸ್ಟ್ ಕೊಡಲು ಆಗಿನಿಂದ 30 ನಿಮಿಷ, ಬರಹದಲ್ಲಿ, ಶುಲ್ಕದ ಸಮೇತ. ರೇಸಿನ ತೀರ್ಪುಗಾರರಾದ ಸ್ಟೀವರ್ಡ್‌ಗಳ ತೀರ್ಪಿನ ಮೇಲೆ ಮೇಲ್ಮನವಿ ಹಾಕುವುದಾದರೆ ಒಂದು ಗಂಟೆಯೊಳಗೆ ತಿಳಿಸಬೇಕು, 96 ಗಂಟೆಯೊಳಗೆ ಖಚಿತಪಡಿಸಬೇಕು. ಯಾರ ಜೊತೆಗೂ ಪಿಟ್‌ನಲ್ಲಿ ಜಗಳ ಕಾಯುತ್ತಾ ಆ ಅರ್ಧ ಗಂಟೆ ಕಳೆಯಬೇಡಿ.

ವರ್ಷದ ಲೆಕ್ಕ ಕೂಡಿದಾಗ ನಮ್ಮಲ್ಲಿ ಮೊದಲ ಸ್ಥಾನ ಟೈರಿಗೆ, ಎರಡನೆಯದು ಸಾಗಣೆ ಮತ್ತು ವಸತಿಗೆ, ಮೂರನೆಯದು ಪ್ರಾಕ್ಟೀಸ್ ದಿನಗಳ ಟ್ರ್ಯಾಕ್ ಬಾಡಿಗೆಗೆ. ಎಂಜಿನ್ ನಾಲ್ಕನೆಯದು. ಶುರುವಿನಲ್ಲಿ ನಾವು ಇದನ್ನು ತಲೆಕೆಳಗಾಗಿ ಎಣಿಸಿದ್ದೆವು. ಎಂಜಿನ್ ಮೇಲೆ ಇನ್ನಷ್ಟು ಸುರಿಯುವ ಬದಲು ಎರಡು ಪ್ರಾಕ್ಟೀಸ್ ದಿನ ಹೆಚ್ಚು ತೆಗೆದುಕೊಂಡಿದ್ದರೆ ಒಂದು ಸುತ್ತಿನ ಸಮಯ ಇನ್ನೂ ಇಳಿಯುತ್ತಿತ್ತು ಎಂಬುದು ತಂಡದವರೆಲ್ಲ ಒಪ್ಪುವ ಮಾತು.

ಈಗ ಬಿಚ್ಚಿದ ಎಂಜಿನ್ ನೋಡಿದರೆ ನಾಲ್ಕೂ ಜೋಡಿ ಬಿಗ್ ಎಂಡ್ ಬೇರಿಂಗ್ ಶೆಲ್‌ಗಳು ಒಂದೇ ಸಮ ಬೂದು ಬಣ್ಣ, ತಾಮ್ರ ಎಲ್ಲೂ ಇಣುಕಿಲ್ಲ. ಬ್ಯಾಫಲ್ ಕೆಲಸ ಮಾಡಿದೆ. ಆಯಿಲ್ ಫಿಲ್ಟರ್ ಕತ್ತರಿಸಿ ಕಾಗದ ಬಿಡಿಸಿ ನೋಡಿದೆವು, ಹೊಳೆಯುವ ಚೂರಿಲ್ಲ. ಎರಡನೇ ಗೇರಿನ ಸಿಂಕ್ರೊ ರಿಂಗ್ ಹೊಸದು ಬೇಕು, ಎಡ ಹಬ್ ಬೇರಿಂಗ್ ಕೂಡ. ಸೀಟ್ ಬೆಲ್ಟಿನ ಲೇಬಲ್ ಮೇಲೆ ಈ ಡಿಸೆಂಬರ್ ಕೊನೆಯವರೆಗೆ ಎಂದಿದೆ. ಹೊಸ ಸೆಟ್ಟಿಗೆ ಇವತ್ತೇ ಆರ್ಡರ್ ಕೊಟ್ಟೆವು, ಬರಲು ಆರು ವಾರ ಎಂದಿದ್ದಾರೆ.